ಬಲ ಚಿಪ್ಪು ಸಿಕ್ಕಿಲ್ಲ

ಕಿವಿ ಮೇಡಂ ಅವರನ್ನು ಮೊದಲ ಸಲ ನೋಡಿದಾಗ ನನಗೆ ಅವರ ಮುಖ ಕಾಣಿಸಲಿಲ್ಲ. ಕಂಡದ್ದು ಎರಡು ಅಂಗಾಲು. ಅವರು ಮೇಜಿನ ಕೆಳಗೆ ತೂರಿಕೊಂಡಿದ್ದರು.

ಅದು ವಸ್ತುಸಂಗ್ರಹಾಲಯದ ನೆಲಮಾಳಿಗೆ. ಕಿಟಕಿಯಿಲ್ಲದ ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಮರದ ಡ್ರಾಯರುಗಳು, ನಡುವೆ ಒಂದು ಮೇಜು, ಅದರ ಮೇಲೆ ಕತ್ತು ಬಗ್ಗಿಸಿದ ದೀಪ. ನಾನು ಕೆಲಸಕ್ಕೆ ಸೇರಲು ಬಂದಿದ್ದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಹಿಂದಿನ ದಿನವೇ ಬಟ್ಟೆಗೆ ಇಸ್ತ್ರಿ ಮಾಡಿಟ್ಟುಕೊಂಡು, ಜಡೆ ಬಿಗಿದು, ದಾರಿಯುದ್ದಕ್ಕೂ "ನಮಸ್ಕಾರ ಮೇಡಂ, ನಾನು ಹೊಸ ಸಹಾಯಕಿ" ಎಂಬ ವಾಕ್ಯವನ್ನು ಬಾಯಿಪಾಠ ಮಾಡುತ್ತ ಬಂದಿದ್ದೆ. ಬಾಗಿಲಲ್ಲಿ ಅದನ್ನು ಹೇಳಿ ಒಂದು ಹೆಜ್ಜೆ ಮುಂದಿಟ್ಟೆ.

"ಅಲ್ಲೇ ನಿಲ್ಲು! ಕಾಲು ಊರ್ಬೇಡ!"

ಎತ್ತಿದ ಕಾಲನ್ನು ಎತ್ತಿದ ಹಾಗೇ ಇಟ್ಟುಕೊಂಡು ಬಾಗಿಲ ಚೌಕಟ್ಟು ಹಿಡಿದು ನಿಂತೆ.

"ಕಿವಿ ಬಿದ್ದೋಗಿದೆ. ಇಲ್ಲೇ ಎಲ್ಲೋ ಇರ್ಬೇಕು. ನಿನ್ನ ಹೆಬ್ಬೆರಳಿನ ಹತ್ರ ಏನಾದ್ರೂ ಬಿಳಿ ಚೂರು ಕಾಣ್ಸುತ್ತಾ?"

ನೆಲದ ತುಂಬ ಬಿಳಿ ಚೂರುಗಳೇ ಇದ್ದವು. ಹಾಗೆಂದೆ. ಮೇಜಿನ ಕೆಳಗಿನಿಂದ ದೊಡ್ಡ ನಿಟ್ಟುಸಿರು ಕೇಳಿಸಿತು. ಆಮೇಲೆ ಅವರು ಹಿಮ್ಮುಖವಾಗಿ ತೆವಳುತ್ತ ಹೊರಬಂದರು. ನರೆತ ಗಿಡ್ಡ ಕೂದಲು, ಕುತ್ತಿಗೆಗೆ ದಾರ ಕಟ್ಟಿ ಇಳಿಬಿಟ್ಟ ಭೂತಗನ್ನಡಿ, ಮೊಣಕೈವರೆಗೆ ಧೂಳು. ಬೆರಳ ತುದಿಯಲ್ಲಿ ಉಗುರಿನಷ್ಟು ಅಗಲದ ಒಂದು ಚೂರು ಇತ್ತು. ಅದನ್ನು ದೀಪದ ಕೆಳಗಿಟ್ಟು, ಬೀಸಣಿಗೆಯ ಆಕಾರದ ಒಂದು ಚಿಪ್ಪಿನ ಮೂಲೆಗೆ ಅಂಟಿಸಿದರು. ನನ್ನ ಕಡೆ ತಿರುಗಿ ಹೆಸರು ಕೇಳಲಿಲ್ಲ, ಕೂರು ಎನ್ನಲಿಲ್ಲ. ಡ್ರಾಯರಿನಿಂದ ಎರಡು ಚಿಪ್ಪು ತೆಗೆದು ಮುಂದಿಟ್ಟರು.

"ಎಷ್ಟು ಥರ ಇದೆ ಹೇಳು."

ಎರಡೂ ಬೀಸಣಿಗೆಯ ಹಾಗೆ, ಎರಡೂ ಬೂದು ಬಣ್ಣ, ಎರಡರ ಮೇಲೂ ಗೆರೆ ಗೆರೆ. "ಒಂದೇ ಥರ ಅಲ್ವಾ ಮೇಡಂ?" ಎಂದೆ.

ಅವರು ಛಾವಣಿ ನೋಡಿದರು. "ಮುಖ ನೋಡಿ ಮೋಸ ಹೋಗ್ಬೇಡಮ್ಮ. ಕಿವಿ ನೋಡು, ಕಿವಿ."

ಚಿಪ್ಪಿನ ಮೇಲ್ತುದಿಯಲ್ಲಿ, ಎರಡು ಚಿಪ್ಪುಗಳು ಕೂಡುವ ಕೀಲಿನ ಆಚೆ ಈಚೆ, ತ್ರಿಕೋನದಂಥ ಎರಡು ರೆಕ್ಕೆಗಳಿದ್ದವು. ಅವನ್ನೇ ಅವರು ಕಿವಿ ಎನ್ನುತ್ತಿದ್ದರು. ಒಂದರಲ್ಲಿ ಎರಡು ಕಿವಿಯೂ ಸಮ. ಇನ್ನೊಂದರಲ್ಲಿ ಮುಂದಿನದು ಉದ್ದ, ಹಿಂದಿನದು ಮೊಂಡು.

"ಮೇಕೆ ಥರ!" ನನ್ನ ಬಾಯಿಂದ ಬಂದುಬಿಟ್ಟಿತು. "ನಮ್ಮಪ್ಪನೂ ಮಂದೆಯಲ್ಲಿ ಕಿವಿ ನೋಡೇ ಯಾರ ಮೇಕೆ ಅಂತ ಹೇಳೋದು ಮೇಡಂ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಪದವಿ ಪಡೆದು ಬಂದು ಮೊದಲ ದಿನವೇ ಮೇಕೆಯ ಮಾತು. ಅವರು ಮಾತ್ರ ನಗಲಿಲ್ಲ. "ಸರಿ. ಹಾಗಾದ್ರೆ ನಾಳೆಯಿಂದ ಬಾ. ಅಲ್ಲ, ಇವತ್ತೇ ಕೂತ್ಕೋ. ಈ ಟ್ರೇನಲ್ಲಿರೋದೆಲ್ಲ ಎಡ ಬಲ ಬೇರೆ ಮಾಡು," ಎಂದರು.

ಆ ಟ್ರೇ ಮುಗಿಯುವಷ್ಟರಲ್ಲಿ ನನಗೆ ಅಳು ಬರುವುದೊಂದು ಬಾಕಿ.

ಸ್ಕಾಲಪ್ ಎಂಬ ಕಡಲ ಜೀವಿಗೆ ಎರಡು ಚಿಪ್ಪು. ಡಬ್ಬಿಯ ಹಾಗೆ ಮುಚ್ಚಿ ತೆರೆಯುತ್ತದೆ. ಜೀವಿ ಸತ್ತ ಮೇಲೆ ಕೀಲು ಕೊಳೆತು ಎರಡೂ ಬೇರೆಯಾಗುತ್ತವೆ. ನೀರು ಒಂದನ್ನು ಒಂದು ಕಡೆಗೆ, ಇನ್ನೊಂದನ್ನು ಇನ್ನೊಂದು ಕಡೆಗೆ ಒಯ್ಯುತ್ತದೆ. ಲಕ್ಷಾಂತರ ವರ್ಷಗಳ ನಂತರ ಕಲ್ಲುಗಣಿಯಲ್ಲಿ ನಮಗೆ ಸಿಗುವುದು ಪಳೆಯುಳಿಕೆಯಾದ ಬಿಡಿ ಚಿಪ್ಪು. ಒಂಟಿ ಚಪ್ಪಲಿ ಹಿಡಿದುಕೊಂಡು ಅದರ ಜೋಡಿ ಹೇಗಿದ್ದೀತು, ಹಾಕಿಕೊಂಡವರು ಯಾರಿದ್ದಾರು ಎಂದು ಹೇಳುವಂಥ ಕೆಲಸ ಇದು. ಬಲ ಚಿಪ್ಪಾದರೆ ಮುಂದಿನ ಕಿವಿಯ ಬುಡದಲ್ಲಿ ಒಂದು ಕಚ್ಚು ಇರುತ್ತದೆ. ಎಡದ್ದಕ್ಕೆ ಅದು ಇರುವುದಿಲ್ಲ. ಆಮೇಲೆ ಚಿಪ್ಪು ಉಬ್ಬಿದೆಯೋ ಚಪ್ಪಟೆಯೋ ನೋಡಬೇಕು. ಮೇಲಿನ ಏಣುಗಳು, ಅಂದರೆ ಉಬ್ಬುಗೆರೆಗಳು ಎಷ್ಟು, ದುಂಡಗೋ ಚೂಪೋ, ನಡುವಿನ ಸಂದು ಅಗಲವೋ ಕಿರಿದೋ ನೋಡಬೇಕು. ಎಲ್ಲ ನೋಡಿದ ಮೇಲೂ ಮೇಡಂ ಕೇಳುವುದು ಒಂದೇ ಪ್ರಶ್ನೆ: "ಕಿವಿ ನೋಡಿದ್ಯಾ?" ಕಾವಲುಗಾರನಿಂದ ಹಿಡಿದು ಟಿಕೆಟ್ ಕೊಡುವಾಕೆಯವರೆಗೆ ಇಡೀ ಕಟ್ಟಡ ಅವರನ್ನು ಕಿವಿ ಮೇಡಂ ಎಂದೇ ಕರೆಯುತ್ತಿತ್ತು.

ಅವರೊಂದಿಗೆ ಕೆಲಸ ಮಾಡುವುದೆಂದರೆ ದಿನಾ ತಾಳ್ಮೆಯನ್ನು ಸಾಣೆಗೆ ಕೊಟ್ಟಂತೆ. ಒಮ್ಮೆ ಎಣಿಸಿದರೆ ಸಾಲದು. "ಮತ್ತೆ ಎಣಿಸು." ಮತ್ತೆ ಎಣಿಸಿ ಅದೇ ಉತ್ತರ ಬಂದರೆ, "ಈಗ ಆ ತುದಿಯಿಂದ ಎಣಿಸು." 'ಸುಮಾರು' ಎಂಬ ಪದ ಆ ಕೋಣೆಯಲ್ಲಿ ನಿಷಿದ್ಧ. ನನ್ನ ಒಂದು ಲೇಬಲನ್ನು ಬರೆದ ಶಾಯಿ ದಪ್ಪವಾಯಿತೆಂದು ವಾಪಸು ಕಳಿಸಿದ್ದರು. ಬೇರೆ ಊರಿನ ಪಂಡಿತರು ಬರೆದ ಲೇಖನಗಳನ್ನಂತೂ ಅವರು ಓದುತ್ತಿರಲಿಲ್ಲ, ವಿಚಾರಣೆ ಮಾಡುತ್ತಿದ್ದರು. "ಇವ್ನು ಚಿಪ್ಪು ಕೈಯಲ್ಲಿ ಹಿಡಿದೇ ಇಲ್ಲ. ಫೋಟೋ ನೋಡಿ ಎಣಿಸಿದಾನೆ. ಕೈ ಕಡೀಬೇಕು ಇಂಥವ್ರದ್ದು!"

ಎಲ್ಲರ ಲೆಕ್ಕವನ್ನೂ ಮತ್ತೆ ಎಣಿಸುತ್ತಿದ್ದವರು ಎಣಿಸದೆ ಬಿಟ್ಟದ್ದು ಒಬ್ಬರದ್ದನ್ನು ಮಾತ್ರ. ಅವರು ಮೇಡಂಗೆ ವಿದ್ಯೆ ಕಲಿಸಿದ ಮೇಷ್ಟ್ರು. ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅವರ ಚಿಪ್ಪುಗಳು ಗಾಜಿನ ಮುಚ್ಚಳದ ಪೆಟ್ಟಿಗೆಗಳಲ್ಲಿದ್ದವು. ಆ ಪೆಟ್ಟಿಗೆಗಳ ಧೂಳು ಒರೆಸುವಾಗಲೂ ಮೇಡಂ ಮುಚ್ಚಳ ತೆಗೆಯುತ್ತಿರಲಿಲ್ಲ.

ಊರಾಚೆಯ ಕಲ್ಲುಗಣಿಯಿಂದ ಮೇಷ್ಟ್ರು ಹಿಂದೆ ಒಂದು ಹೊಸ ಪ್ರಭೇದ ಗುರುತಿಸಿದ್ದರು. ಉಬ್ಬಿದ ಚಿಪ್ಪು, ಅಗಲವಾದ ದುಂಡು ಏಣುಗಳು, ಏಣಿನ ಸಂಖ್ಯೆ ಹದಿನಾಲ್ಕು. ಅದಕ್ಕೆ ತಮ್ಮ ಹೆಂಡತಿಯ ಹೆಸರಿಟ್ಟರು. ಎಷ್ಟೋ ವರ್ಷಗಳ ನಂತರ ಮೇಡಂ ಅದೇ ಗಣಿಯ ಕೆಳಗಿನ ಜೇಡಿಪದರದಲ್ಲಿ ಇನ್ನೊಂದನ್ನು ಗುರುತಿಸಿದರು. ಚಪ್ಪಟೆ ಚಿಪ್ಪು, ಸಪೂರ ಏಣುಗಳು, ಏಣಿನ ಸಂಖ್ಯೆ ಹದಿನಾರು. ಅದಕ್ಕೆ ತಮ್ಮ ತಾಯಿಯ ಹೆಸರಿಟ್ಟರು. ಜೀವಮಾನವಿಡೀ ದುಡಿದು ಅವರು ಹೆಸರಿಟ್ಟದ್ದು ಅದೊಂದಕ್ಕೇ.

ಅವರ ತಾಯಿಯನ್ನು ನಾನು ಅಜ್ಜಿ ಎನ್ನುತ್ತಿದ್ದೆ. ತಾಯಿ ಮಗಳು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿದ್ದರು. ಮೇಡಂ ಟ್ರೇಗಳನ್ನು ಮನೆಗೂ ಒಯ್ಯುತ್ತಿದ್ದರು, ಹೊರುವವಳು ನಾನು. ಸೋಪಿನ ತಟ್ಟೆಯಲ್ಲಿ ಚಿಪ್ಪು, ಕಿಟಕಿಯ ಅಂಚಿನಲ್ಲಿ ಚಿಪ್ಪು, ಸಕ್ಕರೆ ಡಬ್ಬಿಯ ಪಕ್ಕದ ಅದೇ ಥರದ ಡಬ್ಬಿಯಲ್ಲೂ ಚಿಪ್ಪು.

"ನಿನ್ನೆ ಚಹಾಕ್ಕೆ ಏನು ಹಾಕಿದೆ ಗೊತ್ತಾ?" ಅಜ್ಜಿ ಒಮ್ಮೆ ನನ್ನನ್ನು ಕೂರಿಸಿಕೊಂಡು ಕೇಳಿದರು. "ಚಮಚ ತುಂಬ ಕಡಲು! ಈ ಮನೇಲಿ ಸತ್ತವ್ರಿಗೇ ಜಾಗ ಜಾಸ್ತಿ. ಬದುಕಿರೋಳು ನಾನು, ನನ್ನ ಔಷಧಿ ಇಡೋಕೆ ಜಾಗ ಇಲ್ಲ."

"ಅಮ್ಮ, ಅದು ಡಬ್ಬಿ ಮೇಲೆ ಬರ್ದಿದ್ದೆ ನಾನು," ಎಂದು ಒಳಗಿನಿಂದ ಮೇಡಂ.

"ಇಷ್ಟಿಷ್ಟೇ ಅಕ್ಷರ! ಇರುವೆ ಓದ್ಬೇಕು ಅದನ್ನ!"

ಹೀಗೆ ಗೊಣಗುವ ಅಜ್ಜಿಯ ತಲೆದಿಂಬಿನ ಪಕ್ಕದಲ್ಲೇ ಒಂದು ಚಪ್ಪಟೆ ಚಿಪ್ಪು ಇತ್ತು, ಹತ್ತಿ ಹಾಸಿದ ಪುಟ್ಟ ಪೆಟ್ಟಿಗೆಯಲ್ಲಿ. ಹಾಲು ತರುವವನಿಗೆ, ಮೀಟರ್ ನೋಡಲು ಬಂದವನಿಗೆ, ಕೆಳಗಿನ ಸೈಕಲ್ ಅಂಗಡಿಗೆ ಪಂಕ್ಚರ್ ಹಾಕಿಸಲು ಬಂದವರಿಗೂ ಅದನ್ನು ತೋರಿಸುವರು. "ಇದು ನಾನು. ಪುಸ್ತಕದಲ್ಲಿ ನನ್ನ ಹೆಸರೇ ಇರೋದು."

ಆ ಹೆಮ್ಮೆಗೆ ಒಂದು ಕಾರಣವಿತ್ತು. ಅಜ್ಜಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಹೊದಿಕೆ ಒಗೆದು ಮಗಳನ್ನು ಓದಿಸಿದವರು. ಮೇಡಂ ವಿದ್ಯಾರ್ಥಿನಿಯಾಗಿದ್ದಾಗ ಒಂದು ದಿನ ಮೇಷ್ಟ್ರ ಮನೆಯಲ್ಲಿ ಕೆಲಸ ಮಾಡುತ್ತ ಊಟ ಮರೆತರೆಂದು ಅಜ್ಜಿ ಡಬ್ಬಿ ತೆಗೆದುಕೊಂಡು ಹೋಗಿದ್ದರು. ಬಾಗಿಲು ತೆರೆದ ಮೇಷ್ಟ್ರ ಹೆಂಡತಿ ಅವರ ಕೈ ನೋಡಿ, ಸೋಡಾದಲ್ಲಿ ಬಿರಿದ ಬೆರಳು ನೋಡಿ, "ಕೊಳೆ ಬಟ್ಟೆ ಹಿಂಬಾಗಿಲಲ್ಲಿದೆ, ತಗೊಂಡು ಹೋಗು" ಎಂದಿದ್ದರು. ಅಜ್ಜಿ ಮಾತಾಡದೆ ಹಿಂಬಾಗಿಲಿಗೆ ಹೋಗಿ, ಬಟ್ಟೆಯ ಗಂಟಿನ ಮೇಲೆ ಊಟದ ಡಬ್ಬಿ ಇಟ್ಟು ಮನೆಗೆ ಬಂದರಂತೆ. ಮೇಷ್ಟ್ರ ಹೆಂಡತಿಯೂ ಈಗಿಲ್ಲ. ಆದರೆ ಅಜ್ಜಿಯ ಮಟ್ಟಿಗೆ ಆ ಬಾಗಿಲು ಇನ್ನೂ ತೆರೆದೇ ಇತ್ತು. ಮಗಳು ಹೊಸ ಚಿಪ್ಪಿಗೆ ತಮ್ಮ ಹೆಸರಿಟ್ಟಳೆಂದು ತಿಳಿದ ದಿನ ಅವರು ಕೇಳಿದ್ದು ಒಂದೇ ಮಾತು: "ಅವಳ ಚಿಪ್ಪಿನ ಪಕ್ಕದಲ್ಲೇ ಇಡ್ತಾರಾ?"

ಪಕ್ಕದಲ್ಲೇ ಇಡುವ ದಿನ ಬಂತು. ನಮ್ಮ ನಿರ್ದೇಶಕರು ಹೊಸ ಪ್ರದರ್ಶನ ಕೋಣೆ ಮಾಡಿಸಿದರು. ಅವರಿಗೆ ಚಪ್ಪಟೆ ಚಿಪ್ಪಿನ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು. ನೋಡಲು ಲಕ್ಷಣವಾಗಿದೆ, ನಮ್ಮ ಗಣಿಯಲ್ಲಿ ಬಿಟ್ಟರೆ ಎಲ್ಲೂ ಸಿಗುವುದಿಲ್ಲ ಎಂದು ಅದರ ಚಿತ್ರವನ್ನು ಹೊರಗೋಡೆಯ ಮೇಲೆ ಆಳೆತ್ತರ ಬರೆಸಿದರು. ಚಹಾ ಕಪ್ಪುಗಳ ಮೇಲೂ ಅಚ್ಚು ಹಾಕಿಸಿದರು. ಒಳಗೆ ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಮೇಷ್ಟ್ರ ಉಬ್ಬು ಚಿಪ್ಪು, ಮೇಡಂ ಅವರ ಚಪ್ಪಟೆ ಚಿಪ್ಪು, ಎರಡನ್ನೂ ಗುರುತಿಸುವುದು ಹೇಗೆಂದು ಎರಡು ಸಾಲಿನ ಫಲಕ. ಆ ಎರಡು ಸಾಲು ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಎರಡು ಸಾಲು! ಅದಕ್ಕಾಗಿ ನಾನು ಪಟ್ಟ ಪಾಡು ನನ್ನ ಪರೀಕ್ಷೆಗಳಿಗೂ ಪಟ್ಟಿರಲಿಲ್ಲ. ಬರೆದದ್ದನ್ನೆಲ್ಲ ಮೇಡಂ ಹೊಡೆದುಹಾಕಿದರು. 'ಒಂದು ಉಬ್ಬು, ಒಂದು ಚಪ್ಪಟೆ' ಎಂದರೆ, "ಅಂಗಡೀಲಿ ರೊಟ್ಟಿ ಮಾರ್ತಿದೀಯಾ?" 'ಏಣುಗಳು ಕಡಿಮೆ' ಎಂದರೆ, "ಯಾವುದಕ್ಕಿಂತ ಕಡಿಮೆ? ನಿನ್ನ ತಲೆಗೂದಲಿಗಿಂತಾ?" ಕಿವಿಯ ವಿಷಯ ಸೇರಿಸಿದರೆ ಸಾಲು ಮೂರಾಗುತ್ತಿತ್ತು, ನಿರ್ದೇಶಕರು ಹೊಡೆದುಹಾಕುತ್ತಿದ್ದರು. ಮೇಲಿನಿಂದ ಇಳಿದು ಬಂದು ಅವರದ್ದೂ ಒಂದೇ ರಾಗ: "ಅಲ್ಲಮ್ಮ, ಎರಡು ಸಾಲಿಗೆ ಎರಡು ತಿಂಗಳು ಬೇಕಾ? ಬಾಗಿಲು ತೆಗೆಯೋ ದಿನ ಗೋಡೆ ಮೇಲೆ ಏನು, ನನ್ನ ಮುಖ ಅಂಟಿಸ್ಲಾ?"

"ಅಂಟಿಸಿ. ಕಿವಿ ಸರಿಯಾಗಿ ಕಾಣೋ ಹಾಗೆ ಅಂಟಿಸಿ," ಎಂದರು ಮೇಡಂ, ತಲೆಯೆತ್ತದೆ.

ನನಗೆ ರೋಸಿಹೋಗಿತ್ತು. ಅಂಕಿ ಬರೆದುಬಿಟ್ಟರೆ ಯಾರೂ ಜಗಳ ತೆಗೆಯಲಾರರು ಎಂದುಕೊಂಡೆ. ಫಲಕಕ್ಕೆ ಫೋಟೋ ಬೇರೆ ಬೇಕಿತ್ತು. ಹಾಗಾಗಿ ಮೇಷ್ಟ್ರ ಉಬ್ಬು ಚಿಪ್ಪಿನ ಪೆಟ್ಟಿಗೆಯ ಗಾಜಿನ ಮುಚ್ಚಳ ತೆಗೆದೆ. ಚಿಪ್ಪು ಕೈಗೆ ಬಂದ ಮೇಲೆ ಬೆರಳು ತಾನಾಗಿ ಎಣಿಸತೊಡಗಿತು. ಅಷ್ಟು ದಿನದ ಅಭ್ಯಾಸ.

"ಮೇಡಂ, ಹದಿನೇಳು."

"ಯಾವುದು?"

"ಮೇಷ್ಟ್ರದ್ದು."

"ಅದು ಹದಿನಾಲ್ಕು. ಮತ್ತೆ ಎಣಿಸು."

ಮತ್ತೆ ಎಣಿಸಿದೆ. ಹದಿನೇಳು. ಕೇಳುವ ಮೊದಲೇ ಆ ತುದಿಯಿಂದಲೂ ಎಣಿಸಿದೆ. ಹದಿನೇಳೇ.

"ಕನ್ನಡಕ ಹಾಕಿಸ್ಕೋ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ! ಕೊಡು ಇಲ್ಲಿ." ಸಿಡಿಮಿಡಿಗೊಳ್ಳುತ್ತ ಚಿಪ್ಪು ಕಿತ್ತುಕೊಂಡು, ಭೂತಗನ್ನಡಿ ಹಿಡಿದು, ಸೂಜಿಯ ತುದಿಯಿಂದ ಒಂದೊಂದೇ ಏಣು ಮುಟ್ಟುತ್ತ ಹೋದರು. ಎದ್ದು ಕಾಣುವ ಏಣುಗಳು ಹದಿನಾಲ್ಕೇ. ಆದರೆ ಅಂಚಿನಲ್ಲಿ, ಕಿವಿಯ ಬುಡದ ಹತ್ತಿರ, ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು ಸಣ್ಣ ಏಣುಗಳು ಅಡಗಿದ್ದವು. ಮೇಷ್ಟ್ರು ಅವನ್ನು ಬಿಟ್ಟಿದ್ದರು.

"ಆಗ್ಲಿ ಮೇಡಂ, ಹದಿನೇಳಕ್ಕೂ ಹದಿನಾರಕ್ಕೂ ವ್ಯತ್ಯಾಸ ಇದ್ದೇ ಇದೆಯಲ್ಲ. ಅದನ್ನೇ ಬರೀತೀನಿ," ಎಂದೆ ಆಸೆಯಿಂದ.

ಅವರ ಸೂಜಿ ಈಗ ಏಣುಗಳನ್ನು ಬಿಟ್ಟು ಏಣುಗಳ ನಡುವಿನ ಸಂದುಗಳನ್ನು ಮುಟ್ಟುತ್ತಿತ್ತು. ಹದಿನೇಳು ಏಣಿದ್ದರೆ ನಡುವೆ ಹದಿನಾರು ಸಂದು. ಅವರ ಮುಖ ಸುಣ್ಣದ ಗೋಡೆಯಂತಾಯಿತು. ಎದ್ದು ಹೋಗಿ ತಮ್ಮ ಚಪ್ಪಟೆ ಚಿಪ್ಪುಗಳ ಡ್ರಾಯರಿನಿಂದ ಅದೇ ಅಳತೆಯದೊಂದನ್ನು ಆರಿಸಿ ತಂದು, ಎರಡರ ಅಂಚಿಗೆ ಅಂಚು ಕೂಡಿಸಿದರು. ಹದಿನಾರು ಏಣು ಹದಿನಾರು ಸಂದಿಗೆ ಹೋಗಿ ಕೂತವು. ಬೆರಳಿಗೆ ಬೆರಳು ಹೆಣೆದ ಹಾಗೆ.

ನಾನು ಕಪಾಟಿನಿಂದ ಎರಡೂ ಲೇಖನ ತೆಗೆದೆ. ಮೇಷ್ಟ್ರ ಲೇಖನದ ಕೊನೆಗೆ ಇತ್ತು: 'ಎಡ ಚಿಪ್ಪು ಸಿಕ್ಕಿಲ್ಲ.' ಮೇಡಂ ಲೇಖನದ ಕೊನೆಗೆ ಇತ್ತು: 'ಬಲ ಚಿಪ್ಪು ಸಿಕ್ಕಿಲ್ಲ.' ಅವೆರಡೂ ಒಂದೇ ಕಪಾಟಿನಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಇಷ್ಟು ವರ್ಷ ನಿಂತಿದ್ದವು. ಒಂದು ಮರಳುಪದರದಲ್ಲಿ, ಇನ್ನೊಂದು ಜೇಡಿಪದರದಲ್ಲಿ ಸಿಕ್ಕಿದ್ದರಿಂದ, ಏಣಿನ ಲೆಕ್ಕವೂ ದೂರವಿದ್ದುದರಿಂದ, ಒಂದನ್ನೊಂದು ಕೂಡಿಸಿ ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಎರಡೂ ಕಡೆ ಚಪ್ಪಟೆಯಾದ ಸ್ಕಾಲಪ್‌ಗಳೂ ಇವೆ, ತಮ್ಮದು ಅಂಥದ್ದು ಎಂದೇ ಮೇಡಂ ನಂಬಿದ್ದರು.

"ಇದು ಸಾಕ್ಷಿ ಅಲ್ಲ," ಎಂದರು ಮೇಡಂ, ಎರಡು ಚಿಪ್ಪನ್ನೂ ಬೇರೆ ಮಾಡುತ್ತ. "ಎರಡು ಬೇರೆ ಬೇರೆ ಪ್ರಾಣಿಯ ಚಿಪ್ಪು. ಹೊಂದಿಕೊಂಡ್ರೆ ಆಕಸ್ಮಿಕ ಅನ್ಬಹುದು. ಮುಚ್ಚಿದ ಹಾಗೇ ಇರೋದು ಒಂದು ಬೇಕು."

ಗಣಿಗೆ ಹೊರಟೆವು. ಅಜ್ಜಿ ತಾನೂ ಬರುವೆನೆಂದು ಹಟ ಹಿಡಿದರು. ಗೋಡೆಯ ಮೇಲೆ ತನ್ನ ಚಿಪ್ಪು ಬರೆಸಿದ್ದಾರೆ, ಅದು ಹುಟ್ಟಿದ ಜಾಗ ನೋಡದೆ ಸಾಯಬೇಕೇ ಎಂಬುದು ಅವರ ವಾದ. ಏಕೆ ಹೊರಟಿದ್ದೇವೆಂದು ಮೇಡಂ ಅವರಿಗೆ ಹೇಳಲಿಲ್ಲ. ನನಗಂತೂ ದಾರಿಯುದ್ದಕ್ಕೂ ಮುಳ್ಳಿನ ಮೇಲೆ ಕೂತ ಹಾಗಿತ್ತು.

ಗಣಿಯ ಮೇಸ್ತ್ರಿ ಕೈಗಡಿಯಾರ ತೋರಿಸಿದ. "ಊಟದ ಹೊತ್ತಿನೊಳಗೆ ಮುಗಿಸ್ಕೊಳ್ಳಿ ಮೇಡಂ. ಆಮೇಲೆ ಈ ಗೋಡೆಗೆ ಯಂತ್ರ ಬರುತ್ತೆ. ಪುಡಿ ಪುಡಿ."

ಮೇಲೆ ಹಳದಿ ಮರಳು, ಕೆಳಗೆ ಬೂದು ಜೇಡಿ, ನಡುವೆ ಗೇಣಗಲದ ಒಂದು ಪಟ್ಟಿ. ಅಲ್ಲೇ ಹುಡುಕಬೇಕಿತ್ತು. ಅಜ್ಜಿ ಮಡಚುವ ಕುರ್ಚಿಯಲ್ಲಿ ಕೊಡೆ ಹಿಡಿದು ಕೂತು ಯಜಮಾನಿಕೆ ಶುರುಮಾಡಿದರು. "ಅಲ್ಲಿ ಕೆರಿ. ಅಲ್ಲಲ್ಲ, ಎಡಕ್ಕೆ. ಓದಿದೋರು ಮಣ್ಣು ಕೆರೆಯೋದು ನೋಡು, ಕೋಳಿ ವಾಸಿ."

ಬಿಸಿಲು ನೆತ್ತಿಗೆ ಬರುವಾಗ ಮೇಡಂ ಕೈ ನಿಂತಿತು. ಹಲ್ಲುಜ್ಜುವ ಬ್ರಷ್ಷಿನಿಂದ ಮಣ್ಣು ಸರಿಸಿ, ಅಂಗೈಯಲ್ಲಿ ಏನನ್ನೋ ಮುಚ್ಚಿಕೊಂಡು ಹಾಗೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ನಾನು ಬಗ್ಗಿ ನೋಡಿದೆ. ಮುಚ್ಚಿದ ಡಬ್ಬಿಯಂಥ ಚಿಪ್ಪು. ಮೇಲೆ ಚಪ್ಪಟೆ, ಕೆಳಗೆ ಉಬ್ಬು. ಕೀಲು ಕಚ್ಚಿಕೊಂಡ ಹಾಗೇ ಇತ್ತು.

"ಏನೇ ಅದು? ಇಲ್ಲಿ ಕೊಡು," ಎಂದರು ಅಜ್ಜಿ. ಮೇಡಂ ಕೊಡಲಿಲ್ಲ. ಅಜ್ಜಿ ಕುರ್ಚಿಯಿಂದ ಎದ್ದು ಬಂದು ತಾವೇ ತೆಗೆದುಕೊಂಡರು. "ಓ, ಇದು ನಾನಲ್ವಾ? ಗೊತ್ತಾಯ್ತು." ತಿರುಗಿಸಿದರು. "ಕೆಳಗಿರೋದು ಯಾರು?"

ಮೇಡಂ ಬ್ರಷ್ಷಿನ ಮಣ್ಣು ಕೊಡವಿದರು.

"ಕೇಳ್ತಿದೀನಲ್ಲ, ಕೆಳಗೆ ಅಂಟ್ಕೊಂಡಿರೋದು ಯಾರು?"

"ಮೇಷ್ಟ್ರ ಮನೆಯವರು," ಎಂದರು ಮೇಡಂ.

ಅಜ್ಜಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. "ಅಂದ್ರೆ ಎರಡೂ ಒಂದೇನಾ? ಅವಳು ಪಾತ್ರೆ, ನಾನು ಮುಚ್ಚಳ?"

"ಹೌದಮ್ಮ."

"ಹೆಸರು?"

"ಮೊದಲು ಇಟ್ಟ ಹೆಸರೇ ಉಳಿಯುತ್ತೆ. ಅವರದ್ದು ಮೊದಲು."

ಅಜ್ಜಿ ಚಿಪ್ಪನ್ನು ಮಗಳ ಅಂಗೈಗೆ ವಾಪಸು ಹಾಕಿದರು. ಧ್ವನಿ ತಗ್ಗಿಸಿ, ಮನೆಯ ಗುಟ್ಟು ಹೇಳುವವರಂತೆ ಹೇಳಿದರು: "ಎಲ್ಲಿತ್ತೋ ಅಲ್ಲೇ ಇಟ್ಟು ಮಣ್ಣು ಮುಚ್ಚು. ಊಟ ಆದ್ಮೇಲೆ ಯಂತ್ರ ಬರುತ್ತೆ. ನಾನು ನೋಡಿಲ್ಲ, ಈ ಹುಡುಗಿ ನೋಡಿಲ್ಲ. ಅಲ್ವೇನೇ?"

ಅಜ್ಜಿ ನನ್ನ ಕಡೆ ನೋಡಿದರು. ನಾನು ನನ್ನ ಚಪ್ಪಲಿ ನೋಡಿದೆ. ಮೇಡಂ ಮಾತ್ರ ಅಂಗೈ ನೋಡುತ್ತ ಕೂತಿದ್ದರು. ಗಣಿಯ ಆಚೆ ತುದಿಯಲ್ಲಿ ಯಂತ್ರಕ್ಕೆ ಚಾಲನೆ ಕೊಟ್ಟ ಸದ್ದು ಕೇಳಿಸಿತು. ಅವರು ಚಿಪ್ಪನ್ನು ಪಟ್ಟಿಯ ಹತ್ತಿರಕ್ಕೆ ಒಯ್ದದ್ದನ್ನು ನಾನು ನೋಡಿದೆ. ಅದು ಕೂತಿದ್ದ ಗುಳಿಗೆ ಒಮ್ಮೆ ಹೊಂದಿಸಿದರು. ಆಮೇಲೆ ತೆಗೆದು, ಹತ್ತಿಯಲ್ಲಿ ಸುತ್ತಿ, ಡಬ್ಬಿಗೆ ಹಾಕಿದರು.

"ನೋಡಿದ್ದನ್ನ ನೋಡಿಲ್ಲ ಅನ್ನೋಕಾಗಲ್ಲಮ್ಮ ನನ್ನ ಕೈಲಿ."

"ಆಗಲ್ಲ ಅಂತೆ! ಸಕ್ಕರೆ ಡಬ್ಬಿ ಯಾವುದು ಅಂತ ನೋಡೋಕಾಗಲ್ಲ, ಇದಾಗುತ್ತೆ!" ಅಜ್ಜಿ ಕೊಡೆ ಮಡಚಿದರು.

ಅದಾದ ಮೇಲೆ ಆ ಮನೆಯಲ್ಲಿ ಮಾತೆಲ್ಲ ನನ್ನ ಮೂಲಕ. "ಅವಳಿಗೆ ಹೇಳು, ಬ್ರೆಡ್ ಮುಗ್ದಿದೆ." ಮೇಡಂ ಎದುರಿಗೇ ಕೂತಿರುವರು. "ಅಮ್ಮನಿಗೆ ಹೇಳು, ತಂದಿಟ್ಟಿದೀನಿ." ಇಬ್ಬರ ನಡುವೆ ಟ್ರೇ ಹೊತ್ತು ನಿಂತ ನನಗೆ ಪಿತ್ತ ನೆತ್ತಿಗೇರುತ್ತಿತ್ತು. ತಲೆದಿಂಬಿನ ಪಕ್ಕದ ಪುಟ್ಟ ಪೆಟ್ಟಿಗೆ ಮಾಯವಾಗಿತ್ತು. ಅತ್ತ ನಿರ್ದೇಶಕರು ತಲೆಯ ಮೇಲೆ ಕೈ ಹೊತ್ತು ಕೂತರು. "ಬಾಗಿಲು ತೆಗೆದು ಆರು ತಿಂಗಳಾಗ್ಲಿ ಮೇಡಂ, ಆಮೇಲೆ ಬರೀರಿ. ಇಷ್ಟು ಲಕ್ಷ ವರ್ಷ ಸುಮ್ನಿದ್ದ ಚಿಪ್ಪು ಆರು ತಿಂಗಳು ಸುಮ್ನಿರಲ್ವಾ? ಗೋಡೆ ಏನು ಮಾಡ್ಲಿ? ಕಪ್ಪುಗಳು?"

"ಗೋಡೆ ಮೇಲಿರೋದು ಎಡ ಚಿಪ್ಪು. ಪಕ್ಕದಲ್ಲಿ ಬಲದ್ದೂ ಬರೆಸಿ. ಸರಿಹೋಗುತ್ತೆ," ಎಂದರು ಮೇಡಂ. ಲೇಖನವನ್ನು ಅವರು ಕಳಿಸಿಯೇ ಬಿಟ್ಟಿದ್ದರು. ಅದರಲ್ಲಿ ಮೇಷ್ಟ್ರು ಮೂರು ಏಣು ಬಿಟ್ಟದ್ದನ್ನು ಒಂದು ಸಾಲಿನಲ್ಲಿ ಬರೆದು, ತಾವು ಅದನ್ನು ಎಣಿಸದೆ ನಂಬಿದ್ದನ್ನು ಅರ್ಧ ಪುಟ ಬರೆದಿದ್ದರು.

ಫಲಕದ ಎರಡು ಸಾಲನ್ನು ಈ ಸಲ ಅವರೇ ಬರೆದರು. ಒಂದೇ ಏಟಿಗೆ.

ಪ್ರದರ್ಶನ ಕೋಣೆ ತೆರೆದ ದಿನ ಬರುವುದಿಲ್ಲ ಎಂದಿದ್ದ ಅಜ್ಜಿ ಬಂದರು. ಹೊಸ ಬಟ್ಟೆ ಉಟ್ಟು, ಮಗಳನ್ನು ನೋಡದೆ, ನನ್ನ ತೋಳು ಹಿಡಿದು ನೇರ ಗಾಜಿನ ಪೆಟ್ಟಿಗೆಯ ಮುಂದೆ ನಿಂತರು. ಒಳಗೆ ಗಣಿಯ ಮುಚ್ಚಿದ ಚಿಪ್ಪು, ಅದರ ಆಚೆ ಈಚೆ ಬಿಡಿ ಎಡ, ಬಿಡಿ ಬಲ.

"ಓದು."

ಮೇಲೆ ದಪ್ಪ ಅಕ್ಷರದಲ್ಲಿ ಮೇಷ್ಟ್ರ ಹೆಂಡತಿಯ ಹೆಸರಿನ ಪ್ರಭೇದ. ಓದಿದೆ. ಅಜ್ಜಿಯ ದವಡೆ ಬಿಗಿಯಿತು. ಕೆಳಗೆ ಸಣ್ಣ ಅಕ್ಷರದಲ್ಲಿ, ಇದರ ಎಡ ಚಿಪ್ಪಿಗೆ ಈ ಹೆಸರೂ ಇತ್ತು ಎಂದು ಅಜ್ಜಿಯ ಹೆಸರು. ಅದನ್ನೂ ಓದಿದೆ.

"ಎಷ್ಟು ಸಣ್ಣ ಅಕ್ಷರ," ಎಂದರು ಅಜ್ಜಿ. ಆಮೇಲೆ ಹಿಂದೆ ನಿಂತಿದ್ದ ಮಗಳಿಗೆ ಕೇಳುವಂತೆ, "ಅವಳನ್ನ ಕೇಳು, ಇದನ್ನ ಯಾವಾಗ ಅಳಿಸ್ತಾರಂತೆ."

"ಅಳಿಸೋ ಹಾಗಿಲ್ಲ," ಎಂದರು ಮೇಡಂ. "ನಿಯಮ ಇದೆ. ಈ ಚಿಪ್ಪಿನ ಬಗ್ಗೆ ಪೂರ್ತಿಯಾಗಿ ಬರೆಯೋರು ಹಳೇ ಹೆಸರುಗಳನ್ನೂ ಕೆಳಗೆ ಬರೀಲೇಬೇಕು."

"ಯಾವತ್ತಿನವರೆಗೆ?"

"ಯಾವತ್ತಿಗೂ."

ಅಜ್ಜಿ ಗಾಜಿಗೆ ಹಣೆ ತಾಗುವಷ್ಟು ಬಗ್ಗಿ ಮುಚ್ಚಿದ ಚಿಪ್ಪನ್ನು ನೋಡಿದರು. ಮುಖದಲ್ಲಿ ನಿಧಾನವಾಗಿ ಏನೋ ಸಡಿಲವಾಯಿತು.

"ಹಾಗಾದ್ರೆ ಇನ್ಮೇಲೆ ಅವಳು ಎಲ್ಲಿಗೆ ಹೋದ್ರೂ ನನ್ನ ಕರ್ಕೊಂಡೇ ಹೋಗ್ಬೇಕು," ಎಂದರು. "ಮುಂಬಾಗಿಲಿಂದಾನೇ."

ಅಜ್ಜಿ ತಿರುಗಿ, ಎಷ್ಟೋ ದಿನಗಳ ಮೇಲೆ ನೇರವಾಗಿ ಮಗಳ ಮುಖ ನೋಡಿದರು. "ಏನು ಹಾಗೆ ನಿಂತಿದೀಯ? ಕಾಲು ನೋವು ನನಗೆ. ಒಂದು ಕುರ್ಚಿ ತರ್ಬಾರ್ದಾ? ಹಾಗೇ ಆ ಕಪ್ಪಲ್ಲಿ ಒಂದು ನನಗೆ ತೆಗೆದಿಡು. ಮುಚ್ಚಳದ್ದು ಇರೋದು."

ಈಗ ಮನೆಯಲ್ಲಿ ಅಜ್ಜಿ ಆ ಕಪ್ಪಿನಲ್ಲೇ ಚಹಾ ಕುಡಿಯುತ್ತಾರೆ. ಮೀಟರ್ ನೋಡಲು ಬಂದವನಿಗೆ ಅದನ್ನು ತೋರಿಸಿ ಮೊದಲಿಗಿಂತ ಉದ್ದದ ಕತೆ ಹೇಳುತ್ತಾರೆ. ಮೇಡಂ ನಿವೃತ್ತರಾದರು. ಅವರ ಕುರ್ಚಿಯಲ್ಲಿ ನಾನು ಕೂರುತ್ತೇನೆ, ಆದರೆ ನೆಮ್ಮದಿಯಾಗಿ ಕೂರಲು ಅವರು ಬಿಟ್ಟರೆ ತಾನೇ? ಬೆಳಿಗ್ಗೆ ನಾನು ಬೀಗ ತೆಗೆಯುವ ಮೊದಲೇ ಬಾಗಿಲಲ್ಲಿ ನಿಂತಿರುತ್ತಾರೆ. ಮೇಜಿನ ಆ ತುದಿಯಲ್ಲಿ ಕೂತು, ಮೇಷ್ಟ್ರ ಪೆಟ್ಟಿಗೆಗಳ ಗಾಜಿನ ಮುಚ್ಚಳಗಳನ್ನು ಒಂದೊಂದಾಗಿ ತೆಗೆದು, ಮೇಷ್ಟ್ರು ಎಣಿಸಿದ್ದ ಚಿಪ್ಪುಗಳನ್ನೆಲ್ಲ ಮತ್ತೆ ಎಣಿಸುತ್ತಾರೆ.